ಪೌಲ ಹೇಳಿದ ‘ನೂತನ ಸೃಷ್ಟಿ’: ಹೊಸದಾಗುವುದು ಯಾರು, ಏನು?

ಡಿಸೆಂಬರ್ 31ರ ರಾತ್ರಿ ಆರಾಧನೆ ಮುಗಿದ ಮೇಲೆ ನಮ್ಮ ಎಷ್ಟೋ ಕ್ರೈಸ್ತ ಸಭೆಗಳಲ್ಲಿ ವಾಗ್ದಾನದ ಕಾರ್ಡು ಹಂಚುತ್ತಾರೆ. ಆ ಕಾರ್ಡುಗಳಲ್ಲಿ, ಗೋಡೆಯ ಕ್ಯಾಲೆಂಡರಿನಲ್ಲಿ, ದೀಕ್ಷಾಸ್ನಾನದ ದಿನದ ಪ್ರಸಂಗದಲ್ಲಿ ಪದೇ ಪದೇ ಬರುವ ಒಂದು ಮಾತಿದೆ: ಕ್ರಿಸ್ತನಲ್ಲಿರುವವನು ನೂತನ ಸೃಷ್ಟಿ, ಹಳೆಯದು ಹೋಯಿತು, ಎಲ್ಲ ಹೊಸದಾಯಿತು. ಯೇಸುವಿನ ಅಪೊಸ್ತಲನಾಗಿ, ಅಂದರೆ ಸುವಾರ್ತೆ ಸಾರಲು ಕಳಿಸಲ್ಪಟ್ಟವನಾಗಿ, ಊರೂರು ತಿರುಗಿದ ಪೌಲ ಗ್ರೀಸಿನ ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ ಐದನೆಯ ಅಧ್ಯಾಯ, ಹದಿನೇಳನೆಯ ವಚನ. ಕುಡಿತ ಬಿಟ್ಟವರು, ಹೆಂಡತಿಗೆ ಹೊಡೆಯುವುದನ್ನು ಬಿಟ್ಟವರು ಎದ್ದು ನಿಂತು ಸಾಕ್ಷಿ ಹೇಳುವಾಗ ಬಾಯಿಗೆ ಬರುವುದು ಇದೇ ವಚನ. ಹಾಗಾಗಿ ಅರ್ಥ ಎಲ್ಲರಿಗೂ ಗೊತ್ತಿದ್ದ ಹಾಗೆಯೇ ಅನಿಸುತ್ತದೆ: ಮೊದಲು ಹಾಗಿದ್ದೆ, ಈಗ ಹೀಗಾದೆ.

ಈ ಅರ್ಥ ತಪ್ಪಲ್ಲ, ಸಣ್ಣದು. ಪೌಲ ಆ ಸಾಲು ಬರೆದ ಸಂದರ್ಭ ನೋಡಿದರೆ ಅವನ ಮನಸ್ಸಿನಲ್ಲಿದ್ದದ್ದು ಇದಕ್ಕಿಂತ ದೊಡ್ಡದು, ಸ್ವಲ್ಪ ಇರುಸುಮುರುಸು ಮಾಡುವಂಥದ್ದು. ನಾನೆಷ್ಟು ಬದಲಾದೆ ಅನ್ನುವುದಕ್ಕಿಂತ ಮೊದಲು, ಎದುರಿಗೆ ಕೂತವನನ್ನು ಇನ್ನು ಮೇಲೆ ಯಾವ ಲೆಕ್ಕದಲ್ಲಿ ನೋಡುತ್ತೇನೆ ಅನ್ನುವುದು ಅಲ್ಲಿನ ಪ್ರಶ್ನೆ.

ಊರಿನಿಂದಲೇ ಶುರುಮಾಡಬೇಕು. ಹಳೆಯ ಕೊರಿಂಥವನ್ನು ರೋಮನ್ನರು ಕ್ರಿ.ಪೂ. 146ರಲ್ಲಿ ನೆಲಸಮ ಮಾಡಿದ್ದರು. ಸುಮಾರು ನೂರು ವರ್ಷ ಹಾಳುಬಿದ್ದಿದ್ದ ಆ ಜಾಗದಲ್ಲಿ ಜೂಲಿಯಸ್ ಸೀಸರ್ ಕ್ರಿ.ಪೂ. 44ರಲ್ಲಿ ಹೊಸ ಊರು ಕಟ್ಟಲು ಅಪ್ಪಣೆ ಕೊಟ್ಟ. ಬಂದು ನೆಲೆಸಿದವರಲ್ಲಿ ಬಿಡುಗಡೆಯಾದ ಗುಲಾಮರು ಬಹಳ. ಎರಡು ಬಂದರುಗಳ ನಡುವಿನ ಊರು, ವ್ಯಾಪಾರ ಜೋರು. ವಂಶದ ಹೆಸರಿಲ್ಲದವರು ದುಡ್ಡು ಮಾಡಿ ಹೆಸರು ಮಾಡಿಕೊಳ್ಳುವ ಜಾಗ. ಅಲ್ಲಿನ ರಂಗಮಂದಿರದ ಪಕ್ಕದ ಕಲ್ಲುಹಾಸಿನ ಮೇಲೆ ದೊಡ್ಡ ಅಕ್ಷರಗಳಲ್ಲಿ ಕೊರೆದ ಬರಹವೊಂದು ಸಿಕ್ಕಿದೆ: ಎರಾಸ್ತ ಎಂಬವನು ತನಗೆ ಸಿಕ್ಕ ಅಧಿಕಾರಕ್ಕೆ ಪ್ರತಿಯಾಗಿ ಸ್ವಂತ ಖರ್ಚಿನಲ್ಲಿ ಈ ಕಲ್ಲು ಹಾಸಿಸಿದ ಅಂತ. ನಮ್ಮಲ್ಲಿ ಬಸ್ ತಂಗುದಾಣದ ನೆತ್ತಿಯ ಮೇಲೆ ಶಾಸಕರ ಹೆಸರು ಬರೆಸುವ ಹಾಗೆ.

ಕ್ರಿ.ಶ. 51ರ ಆಸುಪಾಸಿನಲ್ಲಿ ಪೌಲ ಈ ಊರಿನಲ್ಲಿ ಒಂದೂವರೆ ವರ್ಷ ಇದ್ದ. ಗುಡಾರ ಹೊಲಿಯುವ ಕೆಲಸ ಮಾಡಿಕೊಂಡೇ ಸಭೆ ಕಟ್ಟಿದ. ಅವನು ಹೊರಟುಹೋದ ಮೇಲೆ ಬೇರೆ ಬೋಧಕರು ಬಂದರು. ಅವರ ಕೈಯಲ್ಲಿ ಶಿಫಾರಸು ಪತ್ರಗಳಿದ್ದವು, ಮಾತು ನಯವಾಗಿತ್ತು. ಕೊರಿಂಥದ ಜನ ತೂಕ ಹಾಕತೊಡಗಿದರು. ಪೌಲನ ಪತ್ರಗಳೇನೋ ಖಾರವಾಗಿವೆ, ಆಳು ನೋಡಿದರೆ ಬಡಕಲು, ಮಾತಿನಲ್ಲಿ ಸತ್ವವಿಲ್ಲ ಎಂದರು. ಈ ಟೀಕೆಯನ್ನು ಪೌಲ ತಾನೇ ಪತ್ರದ ಹತ್ತನೆಯ ಅಧ್ಯಾಯದಲ್ಲಿ ಎತ್ತಿ ಹೇಳುತ್ತಾನೆ. ಕೈಯಲ್ಲಿ ದುಡಿದು ತಿನ್ನುವವನು, ಐದು ಸಲ ಚಾಟಿಯೇಟು ತಿಂದವನು, ದಮಸ್ಕದಿಂದ ಬುಟ್ಟಿಯಲ್ಲಿ ಕೂತು ಗೋಡೆಯಿಳಿದು ಓಡಿಹೋದವನು. ಇಂಥವನು ಎಂಥ ಅಪೊಸ್ತಲ?

ಐದನೆಯ ಅಧ್ಯಾಯ ಇದಕ್ಕೆ ಕೊಟ್ಟ ಉತ್ತರ. ಹನ್ನೆರಡನೆಯ ವಚನದಲ್ಲಿ ಪೌಲ ಹೃದಯ ನೋಡದೆ ಹೊರಗಿನ ತೋರಿಕೆಯ ಮೇಲೆ ಹೆಮ್ಮೆಪಡುವವರ ಮಾತೆತ್ತುತ್ತಾನೆ. ಹದಿನಾರನೆಯದರಲ್ಲಿ, ಇನ್ನು ಮೇಲೆ ನಾವು ಯಾರನ್ನೂ ಶರೀರದ ಲೆಕ್ಕದಲ್ಲಿ ಅಳೆಯುವುದಿಲ್ಲ ಅನ್ನುತ್ತಾನೆ. ಅಂದರೆ ಹುಟ್ಟು, ಹಣ, ಮಾತುಗಾರಿಕೆ, ಮೈಕಟ್ಟು ಇವು ಯಾವುವೂ ಅಳತೆಗೋಲಲ್ಲ. ಒಂದು ಕಾಲಕ್ಕೆ ಕ್ರಿಸ್ತನನ್ನೂ ಹಾಗೆಯೇ ಅಳೆದಿದ್ದೆವು ಎಂದು ಸೇರಿಸುತ್ತಾನೆ. ಇದು ಅವನದೇ ಕಥೆ. ಮರಕ್ಕೆ ತೂಗುಹಾಕಲ್ಪಟ್ಟವನು ಶಾಪಗ್ರಸ್ತ ಎಂದು ಮೋಶೆಯ ಧರ್ಮಶಾಸ್ತ್ರ ಹೇಳುತ್ತದೆ. ಶಿಲುಬೆಗೇರಿದ ಯೇಸುವನ್ನು ಪೌಲ ಅದೇ ಲೆಕ್ಕದಲ್ಲಿ ತಿರಸ್ಕರಿಸಿ, ಅವನ ಹಿಂಬಾಲಕರನ್ನು ಹಿಡಿದು ಸೆರೆಮನೆಗೆ ಹಾಕಿಸುತ್ತಿದ್ದ. ಆ ತೀರ್ಪು ಪೂರಾ ತಲೆಕೆಳಗಾಯಿತು. ಹಾಗಿರುವಾಗ ಬೇರೆಯವರ ಬಗ್ಗೆ ಕೊಟ್ಟ ತೀರ್ಪುಗಳು ನಿಲ್ಲುತ್ತವೆಯೇ? ನಮ್ಮ ಕ್ಯಾಲೆಂಡರಿನ ವಚನ ಬರುವುದು ಈ ಮಾತಿನ ಬೆನ್ನಿಗೆ, ‘ಹೀಗಿರಲಾಗಿ’ ಎಂಬ ಜೋಡಣೆಯೊಂದಿಗೆ. ಕಾರ್ಡಿನಲ್ಲಿ ಅಚ್ಚಾಗುವಾಗ ಹದಿನಾರನೆಯ ವಚನ ಬಿಟ್ಟುಹೋಗುತ್ತದೆ, ಹದಿನೇಳು ಮಾತ್ರ ಉಳಿಯುತ್ತದೆ. ನನ್ನ ತಕರಾರು ಇಷ್ಟೇ.

ಇದು ನಡೆದಾಗ ಹೇಗಿರುತ್ತದೆ ಅಂತ ನೋಡಬೇಕಾದರೆ ಅಪೊಸ್ತಲರ ಕೃತ್ಯಗಳ ಒಂಬತ್ತನೆಯ ಅಧ್ಯಾಯ ಓದಬೇಕು. ಸೌಲ, ಅಂದರೆ ಇದೇ ಪೌಲ, ದಮಸ್ಕದ ದಾರಿಯಲ್ಲಿ ಬೆಳಕು ಕಂಡು ಬಿದ್ದದ್ದು ಎಲ್ಲರಿಗೂ ಗೊತ್ತು. ಆಮೇಲೆ ಮೂರು ದಿನ ಕಣ್ಣು ಕಾಣದೆ, ಅನ್ನ ನೀರು ಬಿಟ್ಟು ಒಂದು ಮನೆಯಲ್ಲಿ ಕೂತಿದ್ದ. ಅವನ ಹತ್ತಿರ ಹೋಗು ಎಂದು ಆ ಊರಿನ ಶಿಷ್ಯ ಅನನೀಯನಿಗೆ ಕರ್ತನಿಂದ ಅಪ್ಪಣೆಯಾಗುತ್ತದೆ. ಅನನೀಯ ಮೊದಲು ಒಪ್ಪುವುದಿಲ್ಲ. ಈ ಮನುಷ್ಯ ಯೆರೂಸಲೇಮಿನಲ್ಲಿ ಎಷ್ಟು ಕೇಡು ಮಾಡಿದ್ದಾನೆ ಅಂತ ಕೇಳಿದ್ದೇನೆ, ಇಲ್ಲಿಗೂ ನಮ್ಮನ್ನು ಕಟ್ಟಿಹಾಕಲು ಬಂದಿದ್ದಾನೆ ಅನ್ನುತ್ತಾನೆ. ಭಯ ಸುಮ್ಮನೆ ಅಲ್ಲ. ಆದರೂ ಹೋಗಿ, ಕೈಯಿಟ್ಟು, ‘ಸಹೋದರನಾದ ಸೌಲನೇ’ ಎಂದು ಕರೆಯುತ್ತಾನೆ. ಸೌಲ ಇನ್ನೂ ಒಂದು ಒಳ್ಳೆಯ ಕೆಲಸ ಮಾಡಿಲ್ಲ, ದೀಕ್ಷಾಸ್ನಾನವೂ ಆಗಿಲ್ಲ. ಮೊದಲು ಬಂದದ್ದು ಆ ಸಂಬೋಧನೆ. ಯೆರೂಸಲೇಮಿನಲ್ಲಿ ಅಷ್ಟು ಸುಲಭವಾಗಲಿಲ್ಲ. ಅಲ್ಲಿನ ಶಿಷ್ಯರು ಅವನನ್ನು ನಂಬದೆ ದೂರವಿಟ್ಟರು. ಬಾರ್ನಬ ಎಂಬ ಶಿಷ್ಯ ಕೈಹಿಡಿದು ಕರೆದುಕೊಂಡು ಹೋಗಬೇಕಾಯಿತು. ಒಬ್ಬ ಮನುಷ್ಯ ನೂತನ ಸೃಷ್ಟಿಯಾದ ಎಂದಾಗ ಅವನ ಸುತ್ತಲಿನವರಿಗೂ ಕೆಲಸ ಬೀಳುತ್ತದೆ.

ಅಂದಹಾಗೆ, ಸೌಲ ಕ್ರೈಸ್ತನಾದ ಮೇಲೆ ಪೌಲ ಅಂತ ಹೆಸರು ಬದಲಾಯಿಸಿಕೊಂಡ ಎಂದು ಸಂಡೇ ಸ್ಕೂಲಿನಲ್ಲಿ ಹೇಳಿಕೊಡುವುದುಂಟು. ಗ್ರಂಥದಲ್ಲಿ ಹಾಗಿಲ್ಲ. ಪರಿವರ್ತನೆಯಾದ ಮೇಲೂ ಹಲವು ಅಧ್ಯಾಯ ಅವನು ಸೌಲನೇ. ಹದಿಮೂರನೆಯ ಅಧ್ಯಾಯದಲ್ಲಿ, ಸೈಪ್ರಸ್ ದ್ವೀಪದಲ್ಲಿ ರೋಮನ್ ಅಧಿಕಾರಿಯ ಮುಂದೆ ನಿಂತಾಗ, ಅವನಿಗೆ ಪೌಲನೆಂಬ ಹೆಸರೂ ಉಂಟು ಎಂದು ಬರುತ್ತದೆ. ಎರಡು ಹೆಸರೂ ಅವನವೇ.

ಇನ್ನು ‘ಸೃಷ್ಟಿ’ ಅನ್ನುವ ಇಷ್ಟು ದೊಡ್ಡ ಮಾತು ಎಲ್ಲಿಂದ ಬಂತು? ಸುಧಾರಣೆ, ಬದಲಾವಣೆ, ಜ್ಞಾನೋದಯ ಇಂಥ ಯಾವುದಾದರೂ ಮಾತಿನಲ್ಲಿ ಮುಗಿಸಬಹುದಿತ್ತಲ್ಲ. ಇದು ಯೆಹೂದ್ಯ ಪ್ರವಾದಿಗಳಿಂದ ಬಂದದ್ದು. ಕ್ರಿ.ಪೂ. ಆರನೆಯ ಶತಮಾನದಲ್ಲಿ ಬಾಬಿಲೋನಿನವರು ಯೆರೂಸಲೇಮನ್ನು ಸುಟ್ಟು ಜನರನ್ನು ಸೆರೆಯೊಯ್ದರು. ಆ ಜನರಿಗೆ ಯೆಶಾಯನ ಗ್ರಂಥದ 43ನೆಯ ಅಧ್ಯಾಯ ಹೇಳುವುದು: ಹಳೆಯದನ್ನು ಜ್ಞಾಪಿಸಿಕೊಳ್ಳಬೇಡಿ, ಹೊಸ ಕಾರ್ಯವನ್ನು ಮಾಡುತ್ತೇನೆ. 65ನೆಯ ಅಧ್ಯಾಯದಲ್ಲಿ ಅದು ನೂತನ ಆಕಾಶ, ನೂತನ ಭೂಮಿಯವರೆಗೆ ಬೆಳೆಯುತ್ತದೆ. ಅಲ್ಲಿನ ಚಿತ್ರ ಗಮನಿಸಬೇಕು. ಮೋಡದ ಮೇಲೆ ವೀಣೆ ನುಡಿಸುತ್ತ ಕೂತವರಿಲ್ಲ. ಮನೆ ಕಟ್ಟಿದವನು ಅದೇ ಮನೆಯಲ್ಲಿ ಇರುತ್ತಾನೆ, ದ್ರಾಕ್ಷಿ ನೆಟ್ಟವನು ಅದರ ಹಣ್ಣು ತಿನ್ನುತ್ತಾನೆ, ಎಳೆಗೂಸು ಸಾಯುವುದಿಲ್ಲ. ದುಡಿದದ್ದು ದುಡಿದವನಿಗೇ ದಕ್ಕುವ ಲೋಕ ಅದು.

ಪೌಲ ಫರಿಸಾಯನಾಗಿ, ಅಂದರೆ ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಯೆಹೂದ್ಯ ಪಂಗಡದವನಾಗಿ, ಬೆಳೆದವನು. ಕಾಲದ ಕೊನೆಯಲ್ಲಿ ಸತ್ತವರೆಲ್ಲ ಏಳುತ್ತಾರೆ, ಆಗ ದೇವರು ಲೋಕವನ್ನು ಸರಿಮಾಡುತ್ತಾನೆ ಎಂಬುದು ಫರಿಸಾಯರ ನಂಬಿಕೆ. ಈಗಿನ ಯುಗ ಒಂದು, ಬರಲಿರುವ ಯುಗ ಇನ್ನೊಂದು, ಎರಡರ ನಡುವೆ ಗಡಿ ಸ್ಪಷ್ಟ. ಆದರೆ ಶಿಲುಬೆಗೇರಿದವನೊಬ್ಬ ಎದ್ದಿದ್ದಾನೆ ಎಂದು ಪೌಲನಿಗೆ ಖಾತ್ರಿಯಾದಾಗ ಈ ಲೆಕ್ಕ ತಪ್ಪಿತು. ಕೊನೆಯಲ್ಲಿ ಎಲ್ಲರಿಗೂ ಆಗಬೇಕಾದದ್ದು ನಡುವೆಯೇ ಒಬ್ಬನಿಗೆ ಆಗಿಬಿಟ್ಟಿದೆ. ಹಾಗಾದರೆ ಬರಲಿರುವ ಯುಗ ಶುರುವಾಗಿದೆ, ಹಳೆಯ ಯುಗ ಇನ್ನೂ ಮುಗಿದಿಲ್ಲ. ಎರಡೂ ಒಂದರ ಮೇಲೊಂದು ಹಾಸಿಕೊಂಡಿವೆ. ‘ಕ್ರಿಸ್ತನಲ್ಲಿ’ ಇರುವುದು ಎಂದರೆ ಪೌಲನ ಪ್ರಕಾರ ಅವನ ಸಾವಿನಲ್ಲಿ ಪಾಲು, ಅವನ ಹೊಸ ಜೀವದಲ್ಲಿಯೂ ಪಾಲು. ಆ ಹೊಸ ಯುಗಕ್ಕೆ ಈಗಲೇ ಸೇರಿದವರಾಗುವುದು. ಒಬ್ಬ ಮನುಷ್ಯ ಹೊಸದಾದದ್ದು ಆ ದೊಡ್ಡ ಕೆಲಸದ ಒಂದು ತುಂಡು. ರೋಮಾಪುರದವರಿಗೆ ಬರೆದ ಪತ್ರದ ಎಂಟನೆಯ ಅಧ್ಯಾಯದಲ್ಲಿ ಇಡೀ ಸೃಷ್ಟಿಯೇ ಹೆರಿಗೆ ಬೇನೆಯಲ್ಲಿ ನರಳುತ್ತಿದೆ ಎನ್ನುತ್ತಾನೆ. ನರಳಾಟ ನಿಂತಿದೆ ಅಂತ ಎಲ್ಲೂ ಹೇಳುವುದಿಲ್ಲ.

ಇಷ್ಟು ತಿಳಿದರೆ ಬಹಳ ಜನರನ್ನು ಕಾಡುವ ಪ್ರಶ್ನೆಯೊಂದಕ್ಕೆ ದಾರಿ ಸಿಗುತ್ತದೆ. ದೀಕ್ಷಾಸ್ನಾನವಾಗಿ ಎಷ್ಟೋ ವರ್ಷವಾಯಿತು, ಸಿಟ್ಟು ಹಾಗೇ ಇದೆ, ಹೊಟ್ಟೆಕಿಚ್ಚು ಹೋಗಿಲ್ಲ. ಹಾಗಾದರೆ ನಾನು ನೂತನ ಸೃಷ್ಟಿ ಆಗಲೇ ಇಲ್ಲವೋ? ಕೊರಿಂಥದವರನ್ನೇ ನೋಡಬಹುದು. ಇದೇ ಪತ್ರದ ಕೊನೆಗೆ ಪೌಲ, ನಾನು ಬಂದಾಗ ನಿಮ್ಮಲ್ಲಿ ಜಗಳ, ಮತ್ಸರ, ಚಾಡಿ, ಪಿಸುಮಾತು ಕಾಣಬೇಕಾಗುತ್ತದೋ ಎಂದು ಹೆದರುತ್ತಾನೆ. ಮೊದಲನೆಯ ಪತ್ರದಲ್ಲಿ ಇನ್ನೂ ನಾಚಿಕೆಗೇಡಿನ ಸಂಗತಿ ಇದೆ. ಸಭೆ ಸೇರುತ್ತಿದ್ದದ್ದು ಮನೆಗಳಲ್ಲಿ. ರೋಮನ್ ಮನೆಯ ಊಟದ ಕೋಣೆಯಲ್ಲಿ ಮೂರು ಮಂಚಗಳ ಮೇಲೆ ಒರಗಿ ಉಣ್ಣಲು ವಾಡಿಕೆಯಂತೆ ಒಂಬತ್ತು ಜನಕ್ಕೆ ಜಾಗ, ಉಳಿದವರು ಅಂಗಳದಲ್ಲಿ. ಕರ್ತನ ಭೋಜನಕ್ಕೆಂದು ಕೂಡಿದಾಗ ಕೆಲವರು ತಮ್ಮ ಊಟ ತಾವು ಮೊದಲೇ ಮಾಡಿ ಕುಡಿದು ಮತ್ತರಾಗುತ್ತಿದ್ದರು, ಏನೂ ಇಲ್ಲದವರು ಹಸಿದು ಕೂರುತ್ತಿದ್ದರು. ಹೀಗೆ ಮಾಡಿದ ಮೇಲೆ ಅದು ಕರ್ತನ ಭೋಜನವೇ ಅಲ್ಲ ಎಂದು ಪೌಲ ಕಡ್ಡಿ ಮುರಿದ ಹಾಗೆ ಹೇಳುತ್ತಾನೆ. ನೂತನ ಸೃಷ್ಟಿ ಎಂದು ಕರೆದದ್ದು ಇಂಥ ಊರಿನ ಸಭೆಗೆ ಬರೆಯುವಾಗಲೇ. ಎರಡನೆಯ ಪತ್ರದ ನಾಲ್ಕನೆಯ ಅಧ್ಯಾಯದಲ್ಲಿ ಒಳಗಿನ ಮನುಷ್ಯ ದಿನದಿನಕ್ಕೆ ಹೊಸಬನಾಗುತ್ತಿದ್ದಾನೆ ಎಂದವನು, ಐದನೆಯದರಲ್ಲಿ ಹೊಸದಾಗಿಬಿಟ್ಟಿತು ಎನ್ನುತ್ತಾನೆ. ಎರಡನ್ನೂ ಒಟ್ಟಿಗೆ ಹಿಡಿಯಬೇಕು. ಕೊಲೊಸ್ಸೆಯ ಪತ್ರದಲ್ಲಿ ಹಳೆಯ ಮನುಷ್ಯನನ್ನು ಕಳಚಿಹಾಕಿ ಹೊಸಬನನ್ನು ಧರಿಸಿಕೊಂಡಿದ್ದೀರಿ ಎಂಬ ಮಾತಿನ ಜೊತೆಗೇ, ಸುಳ್ಳು ಹೇಳಬೇಡಿ ಎಂಬ ಬುದ್ಧಿವಾದವೂ ಇದೆ. ಸುಳ್ಳು ತಾನಾಗಿ ನಿಂತುಹೋಗುವುದಾಗಿದ್ದರೆ ಆ ಮಾತು ಬೇಕಿರಲಿಲ್ಲ.

ಹಾಗಂತ ಒಳಗೆ ಏನೂ ಆಗುವುದಿಲ್ಲ, ಬರೀ ದೃಷ್ಟಿ ಬದಲಾವಣೆ ಅಂತಲೂ ಅಲ್ಲ. ಕಲ್ಲಿನ ಹೃದಯ ತೆಗೆದು ಮಾಂಸದ ಹೃದಯ ಕೊಡುತ್ತೇನೆ ಎಂಬ ಯೆಹೆಜ್ಕೇಲನ ಮಾತು, ಹೊಸದಾಗಿ ಹುಟ್ಟಬೇಕು ಎಂದು ಯೇಸು ರಾತ್ರಿ ಹೊತ್ತು ಬಂದ ನಿಕೊದೇಮನಿಗೆ ಹೇಳಿದ ಮಾತು ಎರಡೂ ಒಳಗಿನದೇ. ಯೋಹಾನನ ಸುವಾರ್ತೆಯ ‘ಹೊಸ ಹುಟ್ಟು’ ಮತ್ತು ಪೌಲನ ‘ನೂತನ ಸೃಷ್ಟಿ’ ಅಕ್ಕಪಕ್ಕದ ಮಾತುಗಳು, ಒಂದೇ ಅಲ್ಲ. ಒಂದು ಮನುಷ್ಯನಿಂದ ಹೊರಡುತ್ತದೆ, ಇನ್ನೊಂದು ಲೋಕದಿಂದ.

ನಾಲ್ಕನೆಯ ಶತಮಾನದ ಯೆರೂಸಲೇಮಿನಲ್ಲಿ ಇದನ್ನು ಮೈಗೆ ತಟ್ಟುವಂತೆ ಮಾಡಿಸುತ್ತಿದ್ದರು. ಬಿಷಪ್ ಸಿರಿಲ್ ಹೆಸರಿನಲ್ಲಿ ಉಳಿದುಬಂದಿರುವ ಉಪದೇಶಗಳಲ್ಲಿ ವಿವರವಿದೆ. ದೀಕ್ಷಾಸ್ನಾನಕ್ಕೆ ಬಂದವರು ಹೊರಗಿನ ಕೋಣೆಯಲ್ಲಿ, ಕತ್ತಲೆಯ ದಿಕ್ಕಾದ ಪಡುವಣಕ್ಕೆ ಮುಖ ಮಾಡಿ, ಕೈ ಚಾಚಿ, ಸೈತಾನನನ್ನು ಎದುರಿಗಿದ್ದವನಂತೆ ತಿರಸ್ಕರಿಸಬೇಕು. ಆಮೇಲೆ ಮೂಡಣಕ್ಕೆ ತಿರುಗಿ ನಂಬಿಕೆಯನ್ನು ಅರಿಕೆ ಮಾಡಬೇಕು. ಒಳಗೆ ಹೋಗಿ ಬಟ್ಟೆ ಕಳಚುವುದು ಹಳೆಯ ಮನುಷ್ಯನನ್ನು ಕಳಚಿದ್ದಕ್ಕೆ ಗುರುತು. ಮೈಗೆ ಎಣ್ಣೆ. ನೀರಿನಲ್ಲಿ ಮೂರು ಸಲ ಮುಳುಗುವುದು ಯೇಸು ಸಮಾಧಿಯಲ್ಲಿದ್ದ ಮೂರು ದಿನಗಳಿಗೆ. ಒಂದೇ ಗಳಿಗೆಯಲ್ಲಿ ಸತ್ತಿರಿ, ಹುಟ್ಟಿದಿರಿ. ಆ ನೀರು ನಿಮಗೆ ಗೋರಿಯೂ ಆಯಿತು, ತಾಯಿಯೂ ಆಯಿತು ಎನ್ನುತ್ತವೆ ಆ ಉಪದೇಶಗಳು. ಮಿಲಾನಿನಲ್ಲಿ ಇಂಥ ಸ್ನಾನದ ಕಟ್ಟಡವನ್ನು ಎಂಟು ಮೂಲೆಯದಾಗಿ ಕಟ್ಟಿದ್ದರು. ಅದರ ಅವಶೇಷ ಅಲ್ಲಿನ ಮಹಾದೇವಾಲಯದ ಅಡಿಯಲ್ಲಿದೆ. ಎಂಟು ಯಾಕೆ? ಆರು ದಿನ ಸೃಷ್ಟಿ, ಏಳನೆಯ ದಿನ ವಿಶ್ರಾಂತಿ, ಸಬ್ಬತ್ತಿನ ಮರುದಿನ ಯೇಸು ಎದ್ದದ್ದು. ಆದಿಕಾಲದ ಕ್ರೈಸ್ತರು ಭಾನುವಾರವನ್ನು ಎಂಟನೆಯ ದಿನವೆಂದೂ ಎಣಿಸಿದರು: ಹಳೆಯ ವಾರದ ಆಚೆಗಿನದು, ನೂತನ ಸೃಷ್ಟಿಯ ಮೊದಲ ದಿನ.

ಕ್ರೈಸ್ತ ಚಿಂತಕ ಅಗಸ್ತೀನ್ 387ರ ಈಸ್ಟರಿನಲ್ಲಿ ದೀಕ್ಷಾಸ್ನಾನ ಪಡೆದದ್ದು ಮಿಲಾನಿನಲ್ಲಿ, ಬಿಷಪ್ ಅಂಬ್ರೋಸರ ಕೈಯಿಂದ. ಸುಮಾರು ಹತ್ತು ವರ್ಷದ ಮೇಲೆ ತನ್ನ ಆತ್ಮನಿವೇದನೆ ಬರೆಯುವಾಗ ಅವನು ಬಿಷಪ್. ಹಳೆಯ ಪಾಪಗಳ ಕಥೆ ಹೇಳಿ ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸದೆ, ಹತ್ತನೆಯ ಭಾಗದಲ್ಲಿ ಈಗಿನ ಸ್ಥಿತಿಯನ್ನೂ ಬಿಚ್ಚಿಡುತ್ತಾನೆ. ಕನಸುಗಳು ಇನ್ನೂ ಕಾಡುತ್ತವೆ. ಊಟದಲ್ಲಿ ಹಸಿವು ಎಲ್ಲಿ ಮುಗಿದು ಚಪಲ ಎಲ್ಲಿ ಶುರುವಾಯಿತು ಗೊತ್ತಾಗುವುದಿಲ್ಲ. ಹೊಗಳಿದರೆ ಹಿತವಾಗುತ್ತದೆ. ಮನೆಯಲ್ಲಿ ಕೂತಾಗ ಹಲ್ಲಿ ನೊಣ ಹಿಡಿಯುವುದನ್ನು ನೋಡುತ್ತ ಮೈಮರೆಯುತ್ತಾನಂತೆ, ಅದೂ ಪಟ್ಟಿಯಲ್ಲಿದೆ. ಸಾಕ್ಷಿ ಹೇಳುವ ನಮ್ಮ ಪದ್ಧತಿಯಲ್ಲಿ ಈ ಹತ್ತನೆಯ ಭಾಗಕ್ಕೆ ಜಾಗವಿಲ್ಲದಿರುವುದು ದೊಡ್ಡ ಕೊರತೆ.

ಉಳಿಯುವ ಈ ಹಳೆಯದರ ಬಗ್ಗೆಯೇ ಮುಂದೆ ಪಂಗಡಗಳು ಜಗಳವಾಡಿದವು. ಪ್ರಾಟೆಸ್ಟಂಟ್ ಸುಧಾರಕ ಲೂಥರ್ 1529ರ ಚಿಕ್ಕ ಪ್ರಶ್ನೋತ್ತರ ಪುಸ್ತಕದಲ್ಲಿ, ನಮ್ಮೊಳಗಿನ ಹಳೆಯ ಆದಾಮನನ್ನು ದಿನಾ ಪಶ್ಚಾತ್ತಾಪದಲ್ಲಿ ಮುಳುಗಿಸಬೇಕು, ಹೊಸ ಮನುಷ್ಯ ದಿನಾ ಎದ್ದುಬರಬೇಕು ಎಂದ. ವಿಶ್ವಾಸಿ ಒಂದೇ ಹೊತ್ತಿಗೆ ನೀತಿವಂತನೂ ಹೌದು, ಪಾಪಿಯೂ ಹೌದು ಎಂಬುದು ಅವನ ನಿಲುವು. ಕಥೋಲಿಕ ಸಭೆ ಟ್ರೆಂಟ್ ಮಹಾಸಭೆಯಲ್ಲಿ, 1547ರಲ್ಲಿ, ನೀತಿವಂತರಾಗುವುದೆಂದರೆ ಬರೀ ಕ್ಷಮೆಯಲ್ಲ, ಒಳಮನುಷ್ಯ ನಿಜವಾಗಿಯೇ ಹೊಸದಾಗುವುದು ಎಂದು ಸಾರಿತು. ಜ್ಞಾನಸ್ನಾನದ (ದೀಕ್ಷಾಸ್ನಾನಕ್ಕೆ ಕಥೋಲಿಕರ ಮಾತು) ಮೇಲೆ ಉಳಿಯುವ ಕೆಟ್ಟ ಸೆಳೆತ ಹೋರಾಟಕ್ಕೆಂದು ಉಳಿದದ್ದು, ಅದೇ ಪಾಪವಲ್ಲ ಎಂದಿತು. ಪೂರ್ವದ ಆರ್ಥೊಡಾಕ್ಸ್ ಸಭೆಗಳು ಈ ಜಗಳಕ್ಕೆ ಬೀಳದೆ, ಮನುಷ್ಯ ದೇವರ ಜೀವದಲ್ಲಿ ಹೆಚ್ಚು ಹೆಚ್ಚು ಪಾಲುಗೊಳ್ಳುವ ದೀರ್ಘ ಪಯಣವಾಗಿ ಇದನ್ನು ನೋಡಿದವು.

ಹಳೆಯದು ಹೋಯಿತು ಎಂದರೆ ಹಳೆಯ ಸಾಲವೂ ಹೋಯಿತೇ? ಇದನ್ನು ನೆಪ ಮಾಡಿಕೊಂಡವರು ಎಲ್ಲ ಕಾಲದಲ್ಲೂ ಇದ್ದಾರೆ. ಫಿಲೆಮೋನನಿಗೆ ಬರೆದ ಒಂದೇ ಅಧ್ಯಾಯದ ಪತ್ರ ಓದಿದರೆ ಸಾಕು. ಒನೇಸಿಮ ಎಂಬ ಗುಲಾಮ ಯಜಮಾನ ಫಿಲೆಮೋನನಿಂದ ದೂರವಾಗಿ, ಸೆರೆಯಲ್ಲಿದ್ದ ಪೌಲನ ಬಳಿ ಬಂದು ವಿಶ್ವಾಸಿಯಾಗಿದ್ದಾನೆ. ಪೌಲ ಅವನನ್ನು ವಾಪಸು ಕಳಿಸುತ್ತಾನೆ. ಇನ್ನು ಅವನು ಗುಲಾಮನ ಹಾಗಲ್ಲ, ಪ್ರಿಯ ಸಹೋದರ. ನನ್ನನ್ನೇ ಸೇರಿಸಿಕೊಂಡ ಹಾಗೆ ಅವನನ್ನು ಸೇರಿಸಿಕೋ ಎಂದು ಬರೆಯುತ್ತಾನೆ. ಅವನಿಂದ ನಿನಗೇನಾದರೂ ನಷ್ಟವಾಗಿದ್ದರೆ, ಸಾಲ ಬರಬೇಕಿದ್ದರೆ, ಅದನ್ನು ನನ್ನ ಲೆಕ್ಕಕ್ಕೆ ಹಾಕು, ನಾನೇ ತೀರಿಸುತ್ತೇನೆ, ಇದು ನನ್ನ ಕೈಬರಹ ಎಂದೂ ಸೇರಿಸುತ್ತಾನೆ. ಲೆಕ್ಕದ ಪುಸ್ತಕ ಹರಿದುಹಾಕಲಿಲ್ಲ. ಬೇರೆಯವನೊಬ್ಬ ತನ್ನ ಹೆಸರು ಬರೆಸಿದ. ಸುಂಕ ವಸೂಲಿ ಮಾಡುತ್ತಿದ್ದ ಜಕ್ಕಾಯನೂ ಹಾಗೆಯೇ, ಯೇಸುವಿನ ಮುಂದೆ, ಮೋಸದಿಂದ ಕಿತ್ತುಕೊಂಡದ್ದನ್ನು ನಾಲ್ಕರಷ್ಟು ಕೊಡುತ್ತೇನೆಂದು ಎದ್ದುನಿಂತ. ಆದರೂ ಫಿಲೆಮೋನನ ಪತ್ರದಲ್ಲಿ ಒಂದು ಮಾತು ಇಲ್ಲ ಎಂಬುದನ್ನು ಮುಚ್ಚಿಡಬಾರದು. ಗುಲಾಮಗಿರಿಯೇ ತಪ್ಪು ಎಂದು ಪೌಲ ಅಲ್ಲಿ ಹೇಳುವುದಿಲ್ಲ. ಸಹೋದರನನ್ನು ಎಷ್ಟು ದಿನ ಗುಲಾಮನಾಗಿ ಇಟ್ಟುಕೊಳ್ಳಲು ಸಾಧ್ಯ ಎಂಬ ಪ್ರಶ್ನೆಯನ್ನು ಮಾತ್ರ ಯಜಮಾನನ ಮನೆಯೊಳಗೆ ಬಿಟ್ಟುಬರುತ್ತಾನೆ.

ಹುಟ್ಟಿನಿಂದ ಸಭೆಯಲ್ಲೇ ಬೆಳೆದವರಿಗೆ ಇನ್ನೊಂದು ಸಂಕಟ. ಹೇಳಿಕೊಳ್ಳಲು ಕುಡಿತವಿಲ್ಲ, ಜೈಲಿಲ್ಲ, ದಮಸ್ಕದ ದಾರಿಯಿಲ್ಲ. ಹಾಗಾಗಿ ತಮ್ಮದು ಎರಡನೇ ದರ್ಜೆಯ ವಿಶ್ವಾಸ ಅಂತ ಅಂದುಕೊಳ್ಳುತ್ತಾರೆ. ಅವರು ಎರಡನೆಯ ಕೊರಿಂಥದ ಮೊದಲ ಸಾಲು ನೋಡಲಿ. ಪತ್ರ ಬರೆದವರು ಇಬ್ಬರು, ಪೌಲ ಮತ್ತು ತಿಮೊಥೆ. ತಿಮೊಥೆಯ ತಾಯಿ ಯೂನಿಕೆ, ಅಜ್ಜಿ ಲೋವಿ ಇಬ್ಬರೂ ವಿಶ್ವಾಸಿಗಳು, ಅವನು ಚಿಕ್ಕಂದಿನಿಂದ ಶಾಸ್ತ್ರ ಕಲಿತವನು. ಅವನ ಹಿಂದೆ ಯಾವ ನಾಟಕೀಯ ಕಥೆಯೂ ಇಲ್ಲ. ನೂತನ ಸೃಷ್ಟಿಯ ವಚನ ಹೊರಟದ್ದು ಅವನ ಹೆಸರಿನಲ್ಲೂ ಸೇರಿಯೇ.

ಪೌಲ ‘ನೂತನ ಸೃಷ್ಟಿ’ ಎಂಬ ಮಾತನ್ನು ಇನ್ನೊಂದು ಕಡೆ ಬಳಸುತ್ತಾನೆ, ಗಲಾತ್ಯದವರಿಗೆ ಬರೆದ ಪತ್ರದ ಕೊನೆಯಲ್ಲಿ: ಸುನ್ನತಿಯಾಗಿದ್ದರೂ ಏನಿಲ್ಲ, ಆಗದಿದ್ದರೂ ಏನಿಲ್ಲ, ನೂತನ ಸೃಷ್ಟಿಯೇ ಮುಖ್ಯ. ಅದರ ಹಿಂದೆಯೂ ಒಂದು ಊಟದ ಪ್ರಕರಣವಿದೆ. ಅಂತಿಯೋಕ್ಯದಲ್ಲಿ ಅನ್ಯಜನರ, ಅಂದರೆ ಸುನ್ನತಿಯಾಗದ ಯೆಹೂದ್ಯೇತರರ, ಪಂಕ್ತಿಯಲ್ಲಿ ಕೂತು ಉಣ್ಣುತ್ತಿದ್ದ ಅಪೊಸ್ತಲ ಪೇತ್ರ, ಯೆರೂಸಲೇಮಿನಿಂದ ಕೆಲವರು ಬಂದೊಡನೆ ಎದ್ದು ದೂರ ಸರಿದ. ಪೌಲ ಎಲ್ಲರೆದುರಿಗೇ ಅವನನ್ನು ತರಾಟೆಗೆ ತೆಗೆದುಕೊಂಡ. ಪಂಕ್ತಿಭೇದ ಅಂದರೆ ಏನೆಂದು ಕನ್ನಡದ ಓದುಗರಿಗೆ ವಿವರಿಸಬೇಕಾಗಿಲ್ಲ. ದೀಕ್ಷೆಯಾದವನ ಪೂರ್ವಾಶ್ರಯ ಕಳೆಯಿತು, ಭಕ್ತನ ಹಿಂದಿನ ಕುಲ ಕೇಳಬಾರದು ಎಂಬ 12ನೆಯ ಶತಮಾನದ ಶರಣರ ನಿಲುವು ಇಲ್ಲಿ ನೆನಪಾಗುವುದು ಸಹಜ. ದಾರಿಗಳು ಬೇರೆ: ಶರಣರಿಗೆ ಅದು ಗುರುವಿನಿಂದ ಬಂದ ಲಿಂಗದೀಕ್ಷೆಯ ಫಲ, ಪೌಲನಿಗೆ ಒಬ್ಬನ ಸಾವು ಮತ್ತು ಪುನರುತ್ಥಾನದ ಫಲ. ಎಡವಿದ ಜಾಗ ಮಾತ್ರ ಎರಡು ಕಡೆಯೂ ಒಂದೇ.

ನಮ್ಮ ನಾಡಿನಲ್ಲೂ ಇದೇ ಪ್ರಶ್ನೆ ಎದ್ದಿತು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು. ಅದರ ಮಿಷನರಿ ಹರ್ಮನ್ ಮೋಗ್ಲಿಂಗ್ ಅವರ ಶಿಷ್ಯ, ಸಾರಸ್ವತ ಬ್ರಾಹ್ಮಣ ಹುಡುಗ ಆನಂದರಾವ್ ಕೌಂಡಿನ್ಯ 1844ರಲ್ಲಿ ದೀಕ್ಷಾಸ್ನಾನ ಪಡೆದಾಗ ಊರೆಲ್ಲ ಗದ್ದಲ. ಅವರು ಮುಂದೆ ಬಾಸೆಲಿಗೆ ಹೋಗಿ ಓದಿ ಮಿಷನರಿಯಾಗಿ ಮರಳಿದರು. ಆದರೆ ಸಭೆಗೆ ಬಂದವರಲ್ಲಿ ಬಹುಪಾಲು ಬಿಲ್ಲವರು ಮತ್ತಿತರ ಸಮುದಾಯದವರು. ಕ್ರೈಸ್ತರಾದೊಡನೆ ಮನೆ, ಗೇಣಿಯ ಭೂಮಿ, ಕಸುಬು ಕೈತಪ್ಪುತ್ತಿತ್ತು. ನೇಯ್ಗೆಯ ಶಾಲೆಗಳು, 1865ರಲ್ಲಿ ಹಂಚಿನ ಕಾರ್ಖಾನೆ ಎದ್ದದ್ದಕ್ಕೆ ಇದೂ ಒಂದು ಕಾರಣ. ಹೊಸ ಮನುಷ್ಯನಿಗೆ ಹೊಸ ಹೊಟ್ಟೆಪಾಡೂ ಬೇಕಾಯಿತು. ಸಭೆಯೊಳಗೆ ಜಾತಿ ಇಲ್ಲ ಎಂಬುದು ಮಿಷನ್ನಿನ ಕಟ್ಟುನಿಟ್ಟು. ಭಾರತದ ಬೇರೆ ಕಡೆಗಳಲ್ಲಿ ಎಲ್ಲರೂ ಹಾಗಿರಲಿಲ್ಲ. ತಮಿಳುನಾಡಿನಲ್ಲಿ ಚರ್ಚಿನೊಳಗೆ ಜಾತಿವಾರು ಕೂರುವುದು ಎಷ್ಟು ಬೇರೂರಿತ್ತೆಂದರೆ, 1833ರಲ್ಲಿ ಕಲ್ಕತ್ತೆಯ ಬಿಷಪ್ ಡ್ಯಾನಿಯಲ್ ವಿಲ್ಸನ್ ಅದನ್ನು ಕೂಡಲೇ ಬಿಡಬೇಕೆಂದು ಆಜ್ಞೆ ಹೊರಡಿಸಿದಾಗ ತಂಜಾವೂರಿನ ಕಡೆ ಎಷ್ಟೋ ಜನ ಸಭೆಯನ್ನೇ ಬಿಟ್ಟು ನಡೆದರು.

ಸ್ವತಂತ್ರ ಭಾರತದ 1950ರ ಪರಿಶಿಷ್ಟ ಜಾತಿಗಳ ಆದೇಶ ಪರಿಶಿಷ್ಟ ಜಾತಿಯ ಸ್ಥಾನವನ್ನು ಹಿಂದೂಗಳಿಗೆ ಸೀಮಿತಗೊಳಿಸಿತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು. ಕ್ರೈಸ್ತರಾದ ದಲಿತರು ಹೊರಗೇ ಉಳಿದರು. ಕ್ರೈಸ್ತಧರ್ಮದಲ್ಲಿ ಜಾತಿಯಿಲ್ಲ, ಮತಾಂತರವಾದ ಮೇಲೆ ಅಸ್ಪೃಶ್ಯತೆಯ ಹೊರೆಯೂ ಇಳಿಯಿತು ಎಂಬುದು ಇದನ್ನು ಸಮರ್ಥಿಸುವವರ ವಾದ. ದಲಿತ ಕ್ರೈಸ್ತರ ಉತ್ತರ ಬೇರೆ: ಊರು ನಮ್ಮನ್ನು ಹಳೆಯ ಹೆಸರಿನಲ್ಲೇ ಕರೆಯುತ್ತದೆ, ಕೆಲವು ಕಡೆ ಸಭೆಯಲ್ಲೂ ನಮಗೆ ಬೇರೆ ಬೆಂಚು, ಸತ್ತರೆ ಬೇರೆ ಸ್ಮಶಾನ. ಈ ವಿಷಯ ಪರಿಶೀಲಿಸಲು ಕೇಂದ್ರ ಸರ್ಕಾರ 2022ರಲ್ಲಿ ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ನೇತೃತ್ವದಲ್ಲಿ ಆಯೋಗ ನೇಮಿಸಿತು. ಕಾನೂನಿನ ಪ್ರಶ್ನೆಯನ್ನು ಕಾನೂನು ಬಲ್ಲವರು ತೀರ್ಮಾನಿಸಲಿ. ಸಭೆಯ ಮಟ್ಟಿಗೆ ಮಾತ್ರ, ಹದಿನೇಳನೆಯ ವಚನವನ್ನು ಬಾಯಿಪಾಠ ಒಪ್ಪಿಸುವವರನ್ನು ಹದಿನಾರನೆಯದರ ಬಗ್ಗೆ ಕೇಳುವ ಹಕ್ಕು ಆ ಬೇರೆ ಬೆಂಚಿನಲ್ಲಿ ಕೂತವರಿಗಿದೆ.